ಬಿಸಿಲಿನಿಂದ ಬಿಸಿಯನ್ನು ಕಳೆದರೆ

ಕನ್ನಡದಲ್ಲಿ ಬಿಸಿಲು ಎಂದರೆ ಬೆಳಕೂ ಹೌದು, ಶಾಖವೂ ಹೌದು. ಪದದೊಳಗೇ ಬಿಸಿ ಕೂತಿದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಅಡಿಕೆ ಅಂಗಳಕ್ಕೆ ಬಿದ್ದ ಮೇಲೆ ಒಂದು ತಿಂಗಳಿಗೂ ಹೆಚ್ಚು ಕಾಲ ಮನೆಯ ಮಾತೆಲ್ಲ ಬಿಸಿಲಿನದೇ. ಅಲ್ಲಿ ಬಿಸಿಲನ್ನು ಎಣಿಸುತ್ತಾರೆ. ‘ಇನ್ನೂ ನಾಲ್ಕು ಬಿಸಿಲು ಬೇಕು’ ಅನ್ನುತ್ತಾರೆ. ಅಡಿಕೆಯನ್ನು ಒಣಗಿಸುವುದು ಬಿಸಿಲಿನ ಬೆಳಕೋ ಶಾಖವೋ ಎಂದು ಕೇಳಿದರೆ ಕೇಳಿದವರನ್ನೇ ವಿಚಿತ್ರವಾಗಿ ನೋಡಿಯಾರು. ಅಡಿಕೆಯ ಮಟ್ಟಿಗೆ ಆ ಪ್ರಶ್ನೆಯ ಅಗತ್ಯವೂ ಇಲ್ಲ. ಅದನ್ನು ಒಣಗಿಸುವುದು ಶಾಖ ಮತ್ತು ಗಾಳಿ.

ಆದರೆ ಅದೇ ಅಂಗಳದ ತಂತಿಯ ಮೇಲೆ ನೇತಾಡುವ ಸೀರೆಯಲ್ಲಿ ಎರಡು ಬೇರೆ ಬೇರೆ ಕೆಲಸ ನಡೆಯುತ್ತಿರುತ್ತದೆ. ನೀರು ಆರುವುದು ಶಾಖದಿಂದ. ಬಣ್ಣ ಮಾಸುವುದು ಬೆಳಕಿನಿಂದ. ಇಸ್ತ್ರಿಪೆಟ್ಟಿಗೆಯ ಶಾಖ ಬಿಸಿಲಿಗಿಂತ ಎಷ್ಟೋ ಹೆಚ್ಚು, ಆದರೂ ವರ್ಷಗಟ್ಟಲೆ ಇಸ್ತ್ರಿ ಮಾಡಿದ ಸೀರೆ ಬಿಸಿಲಿಗೆ ಬಿದ್ದ ಸೀರೆಯ ಹಾಗೆ ಬಿಳಿಚಿಕೊಳ್ಳುವುದಿಲ್ಲ. ಕಿಟಕಿಯ ಪರದೆಯನ್ನು ಬಿಚ್ಚಿ ನೋಡಿದರೆ ಮಡಿಕೆಯ ಒಳಗೆ ಹಳೆಯ ಬಣ್ಣ ಹಾಗೆಯೇ ಉಳಿದಿರುತ್ತದೆ. ಒಳಗೂ ಹೊರಗೂ ಸೆಕೆ ಒಂದೇ ಆಗಿತ್ತು. ಬೆಳಕು ಮಾತ್ರ ಒಳಗೆ ಹೋಗಿರಲಿಲ್ಲ.

ನಾನು ಸಾವಯವ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕಳೆದ ಐದು ವರ್ಷದಲ್ಲಿ ಮಾಡಿದ್ದನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ, ಬಿಸಿಲಿನಿಂದ ಬಿಸಿಯನ್ನು ಕಳೆದು ಉಳಿದದ್ದರಿಂದ ಕೆಲಸ ತೆಗೆಯುವುದು ಎನ್ನಬಹುದು. ನಮ್ಮ ಪ್ರಯೋಗಾಲಯದ ಒಂದು ಮೂಲೆಯಲ್ಲಿ ಅಗಲವಾದ ಗಾಜಿನ ಬಟ್ಟಲಿನ ಒಳಗೋಡೆಗೆ ನೀಲಿ ಎಲ್‌ಇಡಿ ಪಟ್ಟಿ ಅಂಟಿಸಿದ್ದೇವೆ. ಮದುವೆ ಮನೆಗೆ ಹಾಕುವ ಸೀರಿಯಲ್ ಸೆಟ್‌ನ ನೆಂಟನೇ ಅದು. ನಡುವೆ ಪುಟ್ಟ ಶೀಷೆಗಳು, ಪಕ್ಕದಲ್ಲಿ ಒಂದು ಫ್ಯಾನು. ರಾತ್ರಿ ಪಾಳಿಯ ಸೆಕ್ಯೂರಿಟಿ ಅಣ್ಣ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ಕಂಡು ಒಳಗೆ ಇಣುಕಿ ‘ಏನ್ ಮೇಡಂ, ಗಣೇಶನ್ನ ಕೂರ್ಸಿದೀರಾ?’ ಎಂದು ಕೇಳಿದ್ದುಂಟು.

ಫ್ಯಾನು ಇರುವುದು ದೀಪದ ಶಾಖವನ್ನು ಹೊರಗೆ ಹಾಕಲು. ಶೀಷೆಗಳ ಪೈಕಿ ಒಂದಕ್ಕೆ ಮೇಲಿಂದ ಕೆಳಗಿನವರೆಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿರುತ್ತೇವೆ. ಒಳಗೆ ಅದೇ ದ್ರಾವಣ, ಅದೇ ಪ್ರಮಾಣ, ಅದೇ ಉಷ್ಣತೆ, ಅಷ್ಟೇ ಗಂಟೆ. ಬೆಳಕಿನ ಶೀಷೆಯಲ್ಲಿ ಹೊಸ ಅಣು ಹುಟ್ಟಿ, ಫಾಯಿಲ್ ಸುತ್ತಿದ್ದರಲ್ಲಿ ಹುಟ್ಟದೆ ಹೋದರೆ ಮಾತ್ರ ‘ಬೆಳಕಿನಿಂದ ಆಯಿತು’ ಎಂದು ಬರೆಯುವ ಹಕ್ಕು ನಮಗೆ. ಇದನ್ನು ನಾವು ಡಾರ್ಕ್ ಕಂಟ್ರೋಲ್ ಎನ್ನುತ್ತೇವೆ. ಕತ್ತಲೆಯ ಸಾಕ್ಷಿ ಎಂದರೂ ಆದೀತು.

ಇಂಥ ಸಾಕ್ಷಿ ಕೆಲವೊಮ್ಮೆ ಯಾರೂ ಏರ್ಪಡಿಸದೆಯೇ ಸಿಕ್ಕಿದೆ. 1956ರಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರೋಚ್‌ಫರ್ಡ್ ಜನರಲ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ಸಿಸ್ಟರ್ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬಿಸಿಲು ಗಾಳಿ ಮಕ್ಕಳಿಗೆ ಒಳ್ಳೆಯದೆಂದು ನಂಬಿ ಅವರನ್ನು ಹೊರಗೆ ಅಂಗಳಕ್ಕೆ ಒಯ್ಯುತ್ತಿದ್ದರು. ಒಂದು ದಿನ ವೈದ್ಯರಿಗೆ ಒಂದು ಮಗುವಿನ ಮೈ ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಒಂದು ತ್ರಿಕೋನದಷ್ಟು ಚರ್ಮ ಮಾತ್ರ ಅರಿಶಿನ ಬಣ್ಣಕ್ಕಿತ್ತು. ಆ ಜಾಗದ ಮೇಲೆ ಹೊದಿಕೆಯ ಮೂಲೆ ಬಿದ್ದಿತ್ತು. ನಮ್ಮ ಫಾಯಿಲ್ ಮಾಡುವ ಕೆಲಸವನ್ನು ಅಲ್ಲಿ ಹೊದಿಕೆ ಮಾಡಿತ್ತು. 1958ರಲ್ಲಿ ಅದೇ ಆಸ್ಪತ್ರೆಯವರು ನೀಲಿ ಟ್ಯೂಬ್‌ಲೈಟುಗಳ ಕೆಳಗೆ ಮಕ್ಕಳನ್ನು ಮಲಗಿಸಿ ಕಾಮಾಲೆ ಇಳಿಸಿದ್ದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಗುವಿನ ರಕ್ತದಲ್ಲಿರುವ ಬಿಲಿರುಬಿನ್ ಎಂಬ ಹಳದಿ ಅಣು ನೀಲಿ ಬೆಳಕನ್ನು ಹೀರಿ ತನ್ನ ಆಕಾರ ಬದಲಿಸಿಕೊಳ್ಳುತ್ತದೆ. ಹೊಸ ಆಕಾರ ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ದೇಹದಿಂದ ಹೊರಗೆ ಹೋಗುತ್ತದೆ. ಇಂದು ನಮ್ಮೂರಿನ ಆಸ್ಪತ್ರೆಗಳಲ್ಲಿ ಹಸುಗೂಸುಗಳನ್ನು ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸುವ ದೀಪದ ಬೆಳಕೂ ನನ್ನ ಬಟ್ಟಲಿನ ಬೆಳಕೂ ಹೆಚ್ಚುಕಡಿಮೆ ಒಂದೇ ನೀಲಿ.

ಬೆಳಕು ಶಾಖಕ್ಕಿಂತ ಹೇಗೆ ಬೇರೆ? ಶಾಖ ಸಂತೆಯ ನೂಕುನುಗ್ಗಲಿನ ಹಾಗೆ. ಎಲ್ಲರನ್ನೂ ತಳ್ಳುತ್ತದೆ, ಯಾರನ್ನೂ ಆರಿಸುವುದಿಲ್ಲ. ಪಾತ್ರೆ ಕಾಯಿಸಿದರೆ ದ್ರಾವಕವೂ ಕಾಯುತ್ತದೆ, ಬೇಕಾದ ಅಣುವೂ ಕಾಯುತ್ತದೆ, ಬೇಡದ್ದೂ ಕಾಯುತ್ತದೆ. ಬೆಳಕು ಹಾಗಲ್ಲ. ತನ್ನನ್ನು ಹೀರುವ ಅಣುವನ್ನಷ್ಟೇ ಅದು ಮುಟ್ಟುತ್ತದೆ, ಉಳಿದವುಗಳ ನಡುವೆ ಸುಮ್ಮನೆ ಹಾದುಹೋಗುತ್ತದೆ. ಮುಟ್ಟಿದಾಗ ಕೊಡುವ ಪೆಟ್ಟೂ ದೊಡ್ಡದು. 450 ನ್ಯಾನೋಮೀಟರ್‌ನ ನೀಲಿ ಬೆಳಕಿನ ಒಂದು ಮೋಲ್ ಫೋಟಾನ್‌ಗಳಲ್ಲಿ ಸುಮಾರು 266 ಕಿಲೋಜೌಲ್ ಶಕ್ತಿಯಿದೆ. ಕೋಣೆಯ ಉಷ್ಣತೆಯಲ್ಲಿ ಅಣುಗಳ ಓಡಾಟದ ಶಕ್ತಿಗೆ ನಾವು ಇಟ್ಟುಕೊಳ್ಳುವ ಅಳತೆ ಮೋಲಿಗೆ ಸುಮಾರು 2.5 ಕಿಲೋಜೌಲ್. ಅಂದರೆ ಸುತ್ತಲಿನವರೆಲ್ಲ ತಣ್ಣಗೆ ಇರುವಾಗ ಒಂದೇ ಅಣುವಿಗೆ ನೂರು ಪಟ್ಟು ಸಿಕ್ಕಂತೆ.

ತೊಂದರೆ ಏನೆಂದರೆ ನಮಗೆ ಬೇಕಾದ ಬಹುಪಾಲು ಸಾವಯವ ಅಣುಗಳಿಗೆ ಬಣ್ಣವಿಲ್ಲ. ಬಣ್ಣವಿಲ್ಲ ಎಂದರೆ ಕಣ್ಣಿಗೆ ಕಾಣುವ ಬೆಳಕನ್ನು ಅವು ಹೀರುವುದಿಲ್ಲ ಎಂದರ್ಥ. ಅದಕ್ಕಾಗಿ ಹಿಂದಿನವರು ಪಾದರಸದ ದೀಪ ಉರಿಸಿ, ಕ್ವಾರ್ಟ್ಜ್ ಪಾತ್ರೆಯಲ್ಲಿ ಅತಿನೇರಳೆ ಕಿರಣ ಹಾಯಿಸುತ್ತಿದ್ದರು. ಅದು ಬೇಕಾದ ಬಂಧದ ಜೊತೆಗೆ ಬೇಡದ ಬಂಧವನ್ನೂ ಮುರಿಯುವಷ್ಟು ಜೋರಿನದು. 2008ರಲ್ಲಿ ಪ್ರಿನ್ಸ್‌ಟನ್‌ನ ಡೇವಿಡ್ ಮ್ಯಾಕ್‌ಮಿಲನ್ ಮತ್ತು ವಿಸ್ಕಾನ್ಸಿನ್‌ನ ಟೆಹ್ಷಿಕ್ ಯೂನ್, ಮರುವರ್ಷ ಬಾಸ್ಟನ್‌ನ ಕೋರಿ ಸ್ಟೀಫನ್‌ಸನ್, ಬೇರೆ ದಾರಿಯೊಂದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ತೋರಿಸಿದರು. ಬೆಳಕು ಹೀರುವ ಕೆಲಸ ಒಬ್ಬರದು, ಬದಲಾಗುವ ಕೆಲಸ ಇನ್ನೊಬ್ಬರದು. ರುಥೇನಿಯಂ ಲೋಹದ ಸುತ್ತ ಮೂರು ಬೈಪಿರಿಡಿನ್ ಕೂತಿರುವ ಕಿತ್ತಳೆ ಬಣ್ಣದ ಒಂದು ಸಂಯುಕ್ತವಿದೆ. ಅದು ನೀಲಿ ಬೆಳಕನ್ನು ಹೀರಿ ಸೆಕೆಂಡಿನ ಸುಮಾರು ಹತ್ತು ಲಕ್ಷದ ಒಂದು ಪಾಲಿನಷ್ಟು ಹೊತ್ತು ಉದ್ರಿಕ್ತವಾಗಿರುತ್ತದೆ. ನಮ್ಮ ಲೆಕ್ಕದಲ್ಲಿ ಅದು ಕ್ಷಣವಾದರೂ ಅಣುಗಳ ಲೆಕ್ಕದಲ್ಲಿ ಧಾರಾಳ ಸಮಯ. ಅಷ್ಟರಲ್ಲಿ ಅದು ಪಕ್ಕದ ಅಣುವಿಗೆ ಒಂದು ಎಲೆಕ್ಟ್ರಾನನ್ನು ಕೈಗಡ ಕೊಡುತ್ತದೆ, ಇಲ್ಲವೆ ಇಸಿದುಕೊಳ್ಳುತ್ತದೆ. ಆ ಅಣು ಬದಲಾಗುತ್ತದೆ. ಕೊನೆಗೆ ಕೈಗಡ ತೀರಿ ರುಥೇನಿಯಂ ಮೊದಲಿನಂತಾಗಿ ಮುಂದಿನ ಫೋಟಾನಿಗೆ ಕಾಯುತ್ತದೆ. ಹೀಗಾಗಿಯೇ ಅದು ಕ್ರಿಯಾವರ್ಧಕ. ಮ್ಯಾಕ್‌ಮಿಲನ್ ಅವರ ಮೊದಲ ಪ್ರಯೋಗಕ್ಕೆ ಮನೆಯಲ್ಲಿ ಹಾಕುವ ಸಿಎಫ್‌ಎಲ್ ಬಲ್ಬು ಸಾಕಾಗಿತ್ತು. ಆಮೇಲೆ ನೀಲಿ ಎಲ್‌ಇಡಿ ಅಗ್ಗವಾಯಿತು, ಪ್ರಪಂಚದ ಪ್ರಯೋಗಾಲಯಗಳ ಮೂಲೆಗಳು ನೀಲಿಯಾದವು.

ಆದರೆ ಈ ಕಥೆ 2008ರಲ್ಲಿ ಶುರುವಾದದ್ದಲ್ಲ. ಇಟಲಿಯ ಬೊಲೋನ್ಯಾದಲ್ಲಿ ಜಾಕೊಮೊ ಚಾಮಿಚಾನ್ ಎಂಬ ಪ್ರಾಧ್ಯಾಪಕರಿದ್ದರು. ಹುಟ್ಟಿದ್ದು 1857ರಲ್ಲಿ ಟ್ರಿಯೆಸ್ಟ್‌ನಲ್ಲಿ, ಅರ್ಮೇನಿಯನ್ ಮೂಲದ ಮನೆತನ. ತಮ್ಮ ಸಹೋದ್ಯೋಗಿ ಪಾಲ್ ಸಿಲ್ಬರ್ ಜೊತೆಗೂಡಿ ಗಾಜಿನ ಶೀಷೆಗಳಲ್ಲಿ ಒಂದೊಂದು ವಸ್ತು ತುಂಬಿ, ಕಟ್ಟಡದ ಮೇಲೆ ಸಾಲಾಗಿ ಬಿಸಿಲಿಗೆ ಇಡುತ್ತಿದ್ದರು. ನಮ್ಮ ಅಜ್ಜಿಯಂದಿರು ತಾರಸಿಯ ಮೇಲೆ ಸಂಡಿಗೆ ಹಾಕಿ ಕಾಯುತ್ತಿದ್ದಂತೆ ತಿಂಗಳುಗಟ್ಟಲೆ ಕಾಯುತ್ತಿದ್ದರು. ಆ ಶೀಷೆಗಳಲ್ಲೊಂದರಲ್ಲಿ ಕಾರ್ವೋನ್ ಇತ್ತು. ಸಬ್ಬಸಿಗೆ ಬೀಜದ ವಾಸನೆಗೆ ಮುಖ್ಯ ಕಾರಣ ಆ ಅಣುವೇ. ಒಂದು ವರ್ಷ ಇಟಲಿಯ ಬಿಸಿಲು ಕುಡಿದ ಮೇಲೆ ಅದರಿಂದ ಹೊಸ ವಸ್ತುವೊಂದು ಸಿಕ್ಕಿತೆಂದು 1908ರಲ್ಲಿ ಅವರು ಪ್ರಕಟಿಸಿದರು. ಅಣುವಿನೊಳಗಿನ ಎರಡು ಜೋಡಿಬಂಧಗಳು ಒಂದಕ್ಕೊಂದು ಹೆಣೆದುಕೊಂಡು ನಾಲ್ಕು ಮೂಲೆಯ ಉಂಗುರವಾಗಿದೆ ಎಂಬ ಅವರ ಊಹೆ ಸರಿಯೆಂದು ಬೂಕಿ ಮತ್ತು ಗೋಲ್ಡ್‌ಮನ್ ತೋರಿಸಿಕೊಟ್ಟದ್ದು 1957ರಲ್ಲಿ. ಅಷ್ಟು ಹೊತ್ತಿಗೆ ಚಾಮಿಚಾನ್ ತೀರಿಕೊಂಡು 35 ವರ್ಷವಾಗಿತ್ತು.

ನಾಲ್ಕು ಮೂಲೆಯ ಉಂಗುರ ಎಂದರೆ ಇಂಗಾಲಕ್ಕೆ ಇರುಸುಮುರುಸು. ಅದರ ಬಂಧಗಳಿಗೆ ಒಗ್ಗುವ ಕೋನ ಸುಮಾರು 109 ಡಿಗ್ರಿ, ಇಲ್ಲಿ ಸುಮಾರು 90ಕ್ಕೆ ಬಗ್ಗಿಸಬೇಕು. ಆದರೂ ಗಿಡಗಳು ಅದನ್ನು ಮಾಡುತ್ತವೆ. ಕರಿಮೆಣಸಿನಲ್ಲೂ ಲವಂಗದಲ್ಲೂ ಇರುವ ಕ್ಯಾರಿಯೊಫಿಲೀನ್‌ನಲ್ಲಿ ಅಂಥ ಉಂಗುರವಿದೆ. 1964ರಲ್ಲಿ ಇ. ಜೆ. ಕೋರಿ ಹಾರ್ವರ್ಡ್‌ನಲ್ಲಿ ಕ್ಯಾರಿಯೊಫಿಲೀನನ್ನು ಕಟ್ಟಿದಾಗ ಆ ಮೂಲೆಯನ್ನು ಬೆಳಕಿಗೇ ಬಿಟ್ಟರು. ಮರುವರ್ಷ ವುಡ್‌ವರ್ಡ್ ಮತ್ತು ಹಾಫ್‌ಮನ್ ಪ್ರಕಟಿಸತೊಡಗಿದ ನಿಯಮಗಳು ಇದರ ಕಾರಣವನ್ನು ಬಿಡಿಸಿ ಹೇಳಿದವು. ಎರಡು ಜೋಡಿಬಂಧಗಳು ಒಂದೇ ಹೆಜ್ಜೆಯಲ್ಲಿ ಹೀಗೆ ಕೂಡಿಕೊಳ್ಳಲು ಶಾಖದ ದಾರಿಯಲ್ಲಿ ಎಲೆಕ್ಟ್ರಾನ್ ಅಲೆಗಳು ಹೊಂದುವುದಿಲ್ಲ, ಬೆಳಕಿನ ದಾರಿಯಲ್ಲಿ ಹೊಂದುತ್ತವೆ. ಅಂದರೆ ಬಿಸಿಲಿನ ಎರಡು ಪಾಲುಗಳ ನಡುವಿನ ವ್ಯತ್ಯಾಸ ಬರೀ ಹೆಚ್ಚು ಕಡಿಮೆಯದಲ್ಲ. ಬೆಳಕು ತೆರೆಯುವ ಬಾಗಿಲು ಕೆಲವೊಮ್ಮೆ ಶಾಖಕ್ಕೆ ಮುಚ್ಚಿರುತ್ತದೆ. ಇದನ್ನು ಎಂ.ಎಸ್ಸಿ. ತರಗತಿಯಲ್ಲಿ ಪರೀಕ್ಷೆಗೆಂದು ಓದಿದ್ದೆ. ಅದು ನಿಜವೆಂದು ಅನ್ನಿಸಿದ್ದು ಮಾತ್ರ ಫಾಯಿಲ್ ಸುತ್ತಿದ ಶೀಷೆ ಹದಿನೆಂಟು ಗಂಟೆಯ ನಂತರವೂ ಇಟ್ಟಂತೆಯೇ ಇದ್ದದ್ದನ್ನು ಕಂಡಾಗ.

ಎರಡನ್ನೂ ಸರದಿಯ ಮೇಲೆ ದುಡಿಸಿಕೊಂಡ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. 1981ರ ಹೊತ್ತಿಗೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಗೋವರ್ಧನ್ ಮೆಹ್ತಾ ಅವರ ಗುಂಪು ಸುಲಭವಾಗಿ ಸಿಗುವ ಎರಡು ಸಾಮಾನ್ಯ ವಸ್ತುಗಳನ್ನು ಸೇರಿಸಿ, ಬೆಳಕು ಹಾಯಿಸಿ, ಪಂಜರದಂಥ ಅಣು ಮಾಡಿತು. ಆಮೇಲೆ ಅದನ್ನು ನೂರಾರು ಡಿಗ್ರಿ ಶಾಖಕ್ಕೆ ಒಡ್ಡಿತು. ಪಂಜರ ಒಡೆಯಿತು. ಬೆಳಕು ಹೊಲಿದ ಬಂಧಗಳು ಉಳಿದು, ಪಕ್ಕದ ಬೇರೆ ಬಂಧಗಳು ಬಿಚ್ಚಿಕೊಂಡವು. ಕೈಗೆ ಸಿಕ್ಕಿದ್ದು ಒಂದಕ್ಕೊಂದು ಅಂಟಿದ ಮೂರು ಐದು-ಮೂಲೆಯ ಉಂಗುರಗಳ ಚೌಕಟ್ಟು. ಶಿಲೀಂಧ್ರವೊಂದು ತಯಾರಿಸುವ ಹಿರ್ಸುಟೀನ್ ಎಂಬ ಅಣುವಿನ ಚೌಕಟ್ಟು ಅದೇ. ಮೊದಲು ಬೆಳಕು, ನಂತರ ಬಿಸಿ. ಬಿಸಿಲನ್ನು ಬಿಡಿಸಿ ಎರಡು ಕಂತಿನಲ್ಲಿ ಕೊಟ್ಟಂತೆ. ಮುಂದೆ ಮೆಹ್ತಾ ಬೆಂಗಳೂರಿಗೆ ಬಂದು 1998ರಿಂದ 2005ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರ ಆ ಪ್ರಬಂಧವನ್ನು ನಾನು ಓದಿದ್ದು ಅದು ಪ್ರಕಟವಾಗಿ ನಲವತ್ತು ವರ್ಷದ ಮೇಲೆ. ಅದರಲ್ಲಿ ಹಳತಾದದ್ದು ಅಚ್ಚಿನ ಅಕ್ಷರ ಮಾತ್ರ.

ನನ್ನ ಗುರಿಯೂ ಒಂದು ಶಿಲೀಂಧ್ರದಿಂದ ಸಿಕ್ಕ ಅಣುವೇ. ಅಂಗಡಿಯಲ್ಲಿ ಸಿಗುವ ವಸ್ತುವಿನಿಂದ ಅಲ್ಲಿಗೆ ಮುಟ್ಟಲು 17 ಹಂತ. ಒಂದೊಂದು ಹಂತದಲ್ಲೂ ನೂರಕ್ಕೆ 80 ಪಾಲು ಕೈಗೆ ಸಿಕ್ಕರೂ 17 ಹಂತ ದಾಟುವ ಹೊತ್ತಿಗೆ ಉಳಿಯುವುದು ನೂರಕ್ಕೆ ಎರಡು ಪಾಲು ಚಿಲ್ಲರೆ. ಬೆಳಕಿನ ಒಂದು ಹಂತ ಶಾಖದ ಮೂರು ಹಂತಗಳನ್ನು ಉಳಿಸುವುದಾದರೆ ಅದು ತಿಂಗಳುಗಳ ಉಳಿತಾಯ. ಎಂ.ಎಸ್ಸಿ.ಯಲ್ಲಿ ನನ್ನ ಜೊತೆಗಿದ್ದ ಗೆಳತಿ ಈಗ ಜಿಗಣಿಯ ಔಷಧ ಕಂಪನಿಯೊಂದರಲ್ಲಿದ್ದಾಳೆ. ಹೋದ ಯುಗಾದಿಗೆ ಸಿಕ್ಕಾಗ ಲೆಕ್ಕ ಕೇಳಿ ನಕ್ಕಳು. ‘ಅಲ್ಲ ಕಣೇ, ಆ ಬೂಸ್ಟು ಅದನ್ನ ಬಿಟ್ಟಿ ಮಾಡುತ್ತೆ. ನಿನಗ್ಯಾಕೆ ಐದು ವರ್ಷ?’

ಅವಳ ಪ್ರಶ್ನೆ ತಮಾಷೆಯದಾದರೂ ಹಗುರವಾದದ್ದಲ್ಲ. ನೈಸರ್ಗಿಕ ಅಣುಗಳನ್ನು ಕಟ್ಟುವ ನಮ್ಮೆಲ್ಲರಿಗೂ ಅದು ಉತ್ತರಿಸಲೇಬೇಕಾದ ಪ್ರಶ್ನೆ. ಅದಕ್ಕೆ ಸಿಗುವ ಅತಿ ದೊಡ್ಡ ಉದಾಹರಣೆಯೇ ಅತಿ ತೊಡಕಿನದೂ ಹೌದು. ಅದು ಆರ್ಟಿಮಿಸಿನಿನ್.

ಮಂಗಳೂರಿನ ಸುತ್ತಮುತ್ತ ಬೆಳೆದವರಿಗೆ ಮಲೇರಿಯಾವನ್ನು ಪರಿಚಯ ಮಾಡಿಕೊಡಬೇಕಿಲ್ಲ. ಅದರಲ್ಲಿ ಜೀವ ತೆಗೆಯುವ ಬಗೆ ಫಾಲ್ಸಿಪೇರಂ. ಅದಕ್ಕೆ ಇಂದು ಕೊಡುವ ಮಾತ್ರೆಗಳ ಬುಡದಲ್ಲಿರುವುದು ಈ ಅಣು. ಚೀನಾದಲ್ಲಿ 1967ರಲ್ಲಿ ಶುರುವಾದ ಸರ್ಕಾರಿ ಯೋಜನೆಯೊಂದರಲ್ಲಿ ತು ಯೂಯೂ ಎಂಬ ವಿಜ್ಞಾನಿ ಚಿಂಗ್‌ಹಾವ್ ಗಿಡವನ್ನು ಪರೀಕ್ಷಿಸುತ್ತಿದ್ದರು. ಫಲ ಒಮ್ಮೆ ಸಿಕ್ಕರೆ ಒಮ್ಮೆ ಸಿಗುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹೊಂಗ್ ಎಂಬ ವೈದ್ಯನ ಗ್ರಂಥದಲ್ಲಿ ಆ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಸಬೇಕೆಂದಿತ್ತು. ಕುದಿಸುವ ಮಾತೇ ಇರಲಿಲ್ಲ. ಕಾಯಿಸಿದ್ದೇ ಮದ್ದನ್ನು ಕೆಡಿಸುತ್ತಿರಬಹುದೆಂದು ಅವರಿಗೆ ಹೊಳೆಯಿತು. ಕಡಿಮೆ ಉಷ್ಣತೆಯಲ್ಲೇ ಕುದಿಯುವ ಈಥರ್ ಬಳಸಿ 1971ರಲ್ಲಿ ಸಾರ ತೆಗೆದರು. ಮರುವರ್ಷ ಅಣು ಸಿಕ್ಕಿತು. 2015ರಲ್ಲಿ ನೊಬೆಲ್ ಬಂತು. ಆ ಅಣುವಿನ ಜೀವಾಳ ಎರಡು ಆಮ್ಲಜನಕಗಳ ನಡುವಿನ ಒಂದು ಸೇತುವೆ. ಹೆಚ್ಚಿನ ಶಾಖಕ್ಕೆ ಮುರಿಯುವಂಥದ್ದು.

ಶಾಖ ಮುರಿಯುವ ಆ ಸೇತುವೆಯನ್ನು ಕಟ್ಟುವುದು ಬೆಳಕು. ಗಿಡದಲ್ಲಿ ಡೈಹೈಡ್ರೋಆರ್ಟಿಮಿಸಿನಿಕ್ ಆಮ್ಲದಿಂದ ಆರ್ಟಿಮಿಸಿನಿನ್ ಆಗುವ ಕೊನೆಯ ಹಾದಿ ಕಿಣ್ವಗಳ ಕೆಲಸವಲ್ಲ, ಬೆಳಕು ಮತ್ತು ಆಮ್ಲಜನಕದ ಕೆಲಸ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ತಿಳಿವಳಿಕೆ. ನಮ್ಮ ನೀಲಿ ಬಟ್ಟಲಿನಲ್ಲಿ ಆಮ್ಲಜನಕ ಶತ್ರು. ಬೆಳಕಿನ ಶಕ್ತಿಯನ್ನು ಅದು ಕಸಿದುಬಿಡುತ್ತದೆ, ಹಾಗಾಗಿ ಶೀಷೆಯಿಂದ ಅದನ್ನು ಮೊದಲೇ ಹೊರಗಟ್ಟುತ್ತೇವೆ. ಇಲ್ಲಿ ಮಾತ್ರ ಆ ಕಳ್ಳನೇ ಮನೆಯ ಅಳಿಯ. ಕಸಿದುಕೊಂಡ ಶಕ್ತಿಯಿಂದ ಚುರುಕಾದ ಆಮ್ಲಜನಕವೇ ಅಣುವಿನೊಳಗೆ ಸೇರಿ ಸೇತುವೆಯಾಗುತ್ತದೆ.

ಗಿಡದ ಬೆಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಬೆಲೆ ಅಡಿಕೆ ಧಾರಣೆಯಂತೆ ಹತ್ತಿ ಇಳಿಯುತ್ತಿತ್ತು. ಅದಕ್ಕೆ ಪರಿಹಾರವೆಂದು ಬರ್ಕ್ಲಿಯ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು ಯೀಸ್ಟ್‌ಗೆ ಗಿಡದ ಜೀನುಗಳನ್ನು ಸೇರಿಸಿ ಆರ್ಟಿಮಿಸಿನಿಕ್ ಆಮ್ಲ ಮಾಡಿಸಿದರು. 2006ರಲ್ಲಿ ಅದು ಪ್ರಕಟವಾಯಿತು. ಸನೋಫಿ ಕಂಪನಿ ಇಟಲಿಯ ಗಾರೆಸ್ಸಿಯೊ ಎಂಬಲ್ಲಿ ಉಳಿದ ಕೆಲಸ ವಹಿಸಿಕೊಂಡಿತು. ಅಲ್ಲಿ ಎಲೆಯ ಬದಲು ಪಾದರಸದ ದೀಪಗಳಿದ್ದವು, ಬೆಳಕು ಹೀರಿ ಆಮ್ಲಜನಕಕ್ಕೆ ದಾಟಿಸಲು ಪೋರ್ಫಿರಿನ್ ಇತ್ತು. ಪೋರ್ಫಿರಿನ್ ಎಂದರೆ ಎಲೆಯ ಹಸಿರಾದ ಕ್ಲೋರೋಫಿಲ್‌ನ ಹತ್ತಿರದ ನೆಂಟ. ಟನ್‌ಗಟ್ಟಲೆ ಆರ್ಟಿಮಿಸಿನಿನ್ ತಯಾರಾಯಿತು. ಬೆಳಕಿನ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೇನು ಬೇಕು? ಆದರೆ ಅಷ್ಟರಲ್ಲಿ ಗಿಡದಿಂದ ತೆಗೆದದ್ದರ ಬೆಲೆ ಕುಸಿದು ಕಾರ್ಖಾನೆಯದಕ್ಕಿಂತ ಅಗ್ಗವಾಯಿತು. 2015ರಲ್ಲಿ ಅಲ್ಲಿ ಆರ್ಟಿಮಿಸಿನಿನ್ ಉತ್ಪಾದನೆ ನಡೆಯಲಿಲ್ಲ. ಆ ಘಟಕವನ್ನು ಕಂಪನಿ ಮಾರಲು ಹೊರಟಿತು. ಎಲೆ ಗೆದ್ದಿತು.

ಗೆಳತಿಗೆ ನಾನು ಈ ಕಥೆಯನ್ನು ಪೂರ್ತಿ ಹೇಳಿದೆ, ಸೋತ ಭಾಗವನ್ನೂ ಸೇರಿಸಿ. ಇದು ಯಾರ ಪರ ವಾದ ಎಂದು ಕೇಳಿದಳು. ನನಗೆ ಅನ್ನಿಸುವುದು ಇಷ್ಟು. ಎಲೆ ತನಗೆ ಬೇಕಾದ ಒಂದೇ ಅಣುವನ್ನು ಮಾಡುತ್ತದೆ. ನಾಳೆ ರೋಗಾಣು ಅದಕ್ಕೆ ಒಗ್ಗಿಕೊಂಡರೆ ಎಲೆ ಇನ್ನೊಂದನ್ನು ಮಾಡಿಕೊಡುವುದಿಲ್ಲ. ಆ ಸೇತುವೆ ಹೇಗೆ ಕಟ್ಟಲ್ಪಡುತ್ತದೆ, ಎಲ್ಲಿ ಬದಲಿಸಿದರೂ ನಿಲ್ಲುತ್ತದೆ, ಎಲ್ಲಿ ಮುಟ್ಟಿದರೆ ಬೀಳುತ್ತದೆ ಎಂಬ ತಿಳಿವು ಯಾರ ಕೈಯಲ್ಲಾದರೂ ಇರಬೇಕು. ಅದು ಅಗ್ಗದ ಗಿಡದಲ್ಲಿ ಸಿಗುವುದಿಲ್ಲ, ಕಟ್ಟಿ ನೋಡಿದವರ ನೋಟ್‌ಬುಕ್ಕಿನಲ್ಲಿ ಸಿಗುತ್ತದೆ. ನನ್ನ 17 ಹಂತಗಳು ಆ ನೋಟ್‌ಬುಕ್ಕಿನ ಕೆಲವು ಪುಟ. ಅವು ಯಾರಿಗೂ ಬೇಕಾಗದೆ ಹೋಗಬಹುದು. ಹಾಗಾಗುವುದಿಲ್ಲ ಎಂದು ನಂಬಿಸಲು ನನ್ನ ಬಳಿ ಪುರಾವೆಯಿಲ್ಲ. ಒಂದು ಕ್ರಿಯೆಗೆ ಪಕ್ಕದಲ್ಲಿ ಫಾಯಿಲ್ ಸುತ್ತಿ ಇನ್ನೊಂದು ಶೀಷೆ ಇಡಬಹುದು. ನಾನು ಅದೇ ಐದು ವರ್ಷ ಬೇರೇನೋ ಮಾಡಿದ್ದರೆ ಏನಾಗುತ್ತಿತ್ತು ಎಂದು ತೋರಿಸುವ ಶೀಷೆ ಯಾರ ಬಳಿಯೂ ಇಲ್ಲ. ಜಿಗಣಿಯ ಗೆಳತಿಯನ್ನು ಆ ಶೀಷೆ ಎನ್ನಲಾಗದು. ಅವಳ ದ್ರಾವಣವೇ ಬೇರೆ.

1912ರಲ್ಲಿ ಚಾಮಿಚಾನ್ ನ್ಯೂಯಾರ್ಕ್‌ನಲ್ಲಿ ಭಾಷಣ ಮಾಡಿ, ಕಲ್ಲಿದ್ದಲು ಎಂದರೆ ಹಳೆಯ ಕಾಲದ ಬಿಸಿಲು, ಅದನ್ನು ಎಷ್ಟು ದಿನ ಸುಡುತ್ತೀರಿ ಎಂಬ ಅರ್ಥದ ಮಾತನಾಡಿದ್ದರು. ಮರಳುಗಾಡುಗಳಲ್ಲಿ ಗಾಜಿನ ಕೊಳವೆಗಳ ಕಾಡು ಎದ್ದು, ಹೊಗೆಯಿಲ್ಲದ ಕಾರ್ಖಾನೆಗಳು ಅಂದಂದಿನ ಬಿಸಿಲಿನಲ್ಲೇ ನಡೆಯುವ ಕಾಲವನ್ನು ಊಹಿಸಿದ್ದರು. ಅದು ಇನ್ನೂ ಬಂದಿಲ್ಲ. ನನ್ನ ನೀಲಿ ಬೆಳಕು ಬರುವುದು ಗೋಡೆಯ ಪ್ಲಗ್ಗಿನಿಂದ. ಅಲ್ಲಿಗೆ ಕರೆಂಟು ರಾಯಚೂರಿನ ಕಲ್ಲಿದ್ದಲಿನಿಂದ ಬಂದಿರಬಹುದು, ಶರಾವತಿಯ ನೀರಿನಿಂದ ಬಂದಿರಬಹುದು, ಪಾವಗಡದ ಸೋಲಾರ್ ಹಲಗೆಗಳಿಂದ ಬಂದಿರಬಹುದು. ಮೊದಲನೆಯದು ಕೋಟ್ಯಂತರ ವರ್ಷ ಹಿಂದಿನ ಬಿಸಿಲು. ಎರಡನೆಯದು ಬಿಸಿಲು ಎತ್ತಿ ಸುರಿದ ಮಳೆ. ಮೂರನೆಯದು ಇವತ್ತಿನ ಬಿಸಿಲು. ಸೋಲಾರ್ ಹಲಗೆ ಅದರ ಐದರಲ್ಲಿ ಒಂದು ಪಾಲನ್ನಷ್ಟೇ ಕರೆಂಟಾಗಿಸುತ್ತದೆ. ದೀಪ ಅದರಲ್ಲಿ ಮತ್ತಷ್ಟು ಕಳೆದು ನೀಲಿಯಾಗಿಸುತ್ತದೆ. ಆ ನೀಲಿಯಲ್ಲಿ ಸ್ವಲ್ಪ ಪಾಲು ಮಾತ್ರ ಶೀಷೆಯ ಅಣುವಿಗೆ ತಲುಪುತ್ತದೆ. ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ, ಅದನ್ನು ಹೊರಗೆ ಹಾಕಲು ಇನ್ನೊಂದಿಷ್ಟು ಕರೆಂಟು ತಿನ್ನುವ ಫ್ಯಾನು. ಬಿಸಿಲಿನಿಂದ ಬಿಸಿಯನ್ನು ಕಳೆಯಲು ಕಲಿತಿದ್ದೇವೆ, ಕಳೆಯುವ ಖರ್ಚನ್ನು ಕಡಿಮೆ ಮಾಡಲು ಇನ್ನೂ ಕಲಿಯುತ್ತಿದ್ದೇವೆ.